ಎಷ್ಟು ಇಂದ್ರಿಯದ್ದು

ನನ್ನ ಅತ್ತಿ, ಗಂಡನ ತಾಯಿ ಗಂಗೂಬಾಯಿಗೆ ನಾನು ಮಾತು ಕೊಟ್ಟದ್ದು ಶೇಂಗಾ ಒಡೆಯುತ್ತ ಕೂತಾಗ. ಮಗಳು ಸ್ನೇಹಲ ಇನ್ನೂ ತೊಟ್ಟಿಲಲ್ಲಿದ್ದಳು. ಮದುವೆಯಾದ ಮೇಲೆ ಫಾರ್ಮಸಿ ಓದಲು ಹೋದವಳು ನಾನು. ಬೇಡಕಿಹಾಳದ ಮನೆಯಲ್ಲಿ ಅದಕ್ಕೆ ಹೂಂ ಅಂದವರು ಅತ್ತಿ ಒಬ್ಬರೇ. ಹಗಲೆಲ್ಲ ಕೂಸು ನೋಡಿಕೊಂಡು, ನಾನು ಕಾಲೇಜಿನಿಂದ ಬಂದು ಗಟ್ಟಿಯಾಗಿ ಓದುವಾಗ ಎದುರಿಗೆ ಕೂತು ಕೇಳುತ್ತಿದ್ದರು. ಅವರದು ಮರಾಠಿ ಶಾಲೆಯ ನಾಲ್ಕನೇ ಇಯತ್ತೆ, ಆದರೆ ಕೇಳಿದ್ದು ಒಂದೂ ಮರೆಯುವವರಲ್ಲ.

ಆ ದಿನ ಓದುತ್ತಿದ್ದದ್ದು ಔಷಧಕ್ಕೆ ಬರುವ ಕಚ್ಚಾ ವಸ್ತುಗಳನ್ನು ವಿಂಗಡಿಸುವ ಪಾಠ. ಗಿಡದಿಂದ ಬಂದದ್ದು, ನೆಲದಿಂದ ಅಗೆದದ್ದು, ಪ್ರಾಣಿಯಿಂದ ತೆಗೆದದ್ದು. ಪ್ರಾಣಿಯ ಸಾಲು ಬಂತು: ಜೇನು, ಜೇನುಮೇಣ, ಅರಗು, ಮೀನೆಣ್ಣೆ, ಎಲುಬಿನ ಜಿಲೆಟಿನ್. ಅತ್ತಿಯ ಕೈ ನಿಂತಿತು.

"ಎಲುಬಿಂದು ಅಂದಿ? ಅದನ್ನ ಎದರಾಗ ಹಾಕ್ತಾರ?"

"ಕ್ಯಾಪ್ಸೂಲ್ ಇರ್ತಾವಲ್ರಿ, ಅದರ ಸಿಪ್ಪಿ."

ಹಿಂದಿನ ಮಳೆಗಾಲದಲ್ಲಿ ಜ್ವರ ಬಂದು ಅವರು ಒಂದು ಪಟ್ಟಿ ಕ್ಯಾಪ್ಸೂಲು ನುಂಗಿದ್ದರು. ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬಂದರು. ನುಂಗಿ ವರ್ಷ ಆಗಿತ್ತು, ಆದರೂ ಮುಕ್ಕಳಿಸಿದರು. ಆಮೇಲೆ ಕೂತು, "ರೂಪಾಲಿ, ಎಚ್ಚರ ಇರೂ ತನಕ ನಾ ಕೇಳಿ ತಗೋತೇನಿ. ಎಚ್ಚರ ತಪ್ಪಿದ ದಿನ ನೀ ನೋಡಬೇಕು. ಪ್ರಾಣಿದ್ದು ಏನೂ ನನ್ನ ಮೈಯಾಗ ಹೋಗಗೊಡಬ್ಯಾಡ. ಜೀವಾ ಹೋದ್ರ ಹೋಗ್ಲಿ," ಅಂದರು.

"ಆತ್ರಿ ಅತ್ತಿ."

"ಆತ್ರಿ ಅಲ್ಲ. ಕೈ ಮ್ಯಾಲ ಕೈ ಹಾಕು."

ಹಾಕಿದೆ. ಮರುದಿನ ಪರೀಕ್ಷೆ ಇತ್ತು. ಕೈ ಹಾಕಿದರೆ ಮುಂದಿನ ಪುಟ ಓದಲು ಬಿಡುತ್ತಾರಲ್ಲ ಅನ್ನುವುದಷ್ಟೇ ನನ್ನ ತಲೆಯಲ್ಲಿ ಇದ್ದದ್ದು.

ಓದು ಮುಗಿದು, ಚಿಕ್ಕೋಡಿ ಕಡೆಯ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಅದೇ ಪಾಠ ಹೇಳುವ ಕೆಲಸ ಸಿಕ್ಕಿತು. ಅಲ್ಲಿಂದ ನಾನು ಮನೆತನಕ್ಕೆಲ್ಲ ಜರಡಿಯಾದೆ. ಬಿಸ್ಕಿಟ್ ಪುಡಿಕೆಯ ಮೇಲೆ ಹಸಿರು ಚುಕ್ಕೆ ಇರುತ್ತದೆ, ಗುಳಿಗೆಯ ಪಟ್ಟಿಯ ಮೇಲೆ ನೋಡಲು ಏನೂ ಸಿಗುವುದಿಲ್ಲ. ಹಾಗಾಗಿ ಹಾರೂಗೇರಿಯ ನಾದಿನಿ, ಕಾಗವಾಡದ ಭಾವನ ಮನೆಯವರು, ಅವರ ಬೀಗರು, ಎಲ್ಲರೂ ಫೋಟೋ ಹೊಡೆದು ನನಗೆ ಕಳಿಸುತ್ತಾರೆ. "ವೈನಿ, ಇದು ನಡೀತೈತಿ?" ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ ಬರುತ್ತದೆ, ರೊಟ್ಟಿ ಬಡಿಯುವಾಗ ಬರುತ್ತದೆ, ಪೇಪರ್ ತಿದ್ದುವಾಗ ಬರುತ್ತದೆ. ಕೆಮ್ಮಿನ ಸಿರಪ್ಪಿನ ಕೆಂಪು ಬಣ್ಣ ಹುಳುವಿನದೋ ಅಲ್ಲವೋ ಹೇಳಬೇಕು. ಗುಳಿಗೆಯ ಹೊಳಪು ಅರಗಿನದೋ ಹೇಳಬೇಕು. ತಡವಾದರೆ, "ವೈನಿ ಈಗೀಗ ದೊಡ್ಡಾಕಿ ಆಗ್ಯಾಳ, ಫೋನ್ ನೋಡೂದಿಲ್ಲ" ಅನ್ನುತ್ತಾರೆ. ನಮ್ಮ ಮನೆಯಲ್ಲಂತೂ ಕ್ಯಾಪ್ಸೂಲು ಬಂದರೆ ಬಿಚ್ಚಿ, ಒಳಗಿನ ಪುಡಿಯನ್ನು ಬೆಲ್ಲದಲ್ಲಿ ಕಲಸಿ, ಸಿಪ್ಪೆ ಹೊರಗೆ ಎಸೆಯುವುದು. ಹಾಗೆ ಬಿಚ್ಚಬಾರದಂಥ ಕ್ಯಾಪ್ಸೂಲುಗಳೂ ಇರುತ್ತವೆ ಅಂತ ನಾನು ಹೇಳಿ ಹೇಳಿ ಬಿಟ್ಟುಕೊಟ್ಟೆ.

ತರಗತಿಯಲ್ಲಿ ನಾನು ಒಣಶುಂಠಿಯ ಬಾಟಲಿ ಎತ್ತಿ ತೋರಿಸಿ ಶುರುಮಾಡುತ್ತೇನೆ. ಅಕ್ಷರದ ಪ್ರಕಾರ ಜೋಡಿಸಿದರೆ ಇದು ಒಂದು ಕಪಾಟಿನಲ್ಲಿ ಕೂರುತ್ತದೆ. ಗಿಡದ ಯಾವ ಭಾಗ ಅಂತ ಕೇಳಿದರೆ ನೆಲದೊಳಗಿನ ಕಾಂಡದ ಕಪಾಟು. ಗಿಡದ ಕುಲ ಕೇಳಿದರೆ ಅರಿಶಿಣ, ಏಲಕ್ಕಿಯ ಜೊತೆ. ಒಳಗೇನಿದೆ ಅಂತ ಕೇಳಿದರೆ ಆರಿಹೋಗುವ ಎಣ್ಣೆಗಳ ಜೊತೆ. ಏನು ಮಾಡುತ್ತದೆ ಅಂತ ಕೇಳಿದರೆ ಹೊಟ್ಟೆಯುಬ್ಬರ ಇಳಿಸುವವುಗಳ ಜೊತೆ. ಶುಂಠಿ ಬದಲಾಗಲಿಲ್ಲ, ನೀವು ಕೇಳಿದ ಪ್ರಶ್ನೆ ಬದಲಾಯಿತು ಅನ್ನುತ್ತೇನೆ. ಹುಡುಗರು ಕಿಟಕಿ ಕಡೆ ನೋಡುತ್ತಾರೆ.

ಒಮ್ಮೆ, ಅವರು ಏಳಲಿ ಅಂತ, ಅತ್ತಿಯ ವಿಂಗಡಣೆ ಹೇಳಿದೆ. ಅತ್ತಿಯ ಕಪಾಟು ಒಂದೇ ಪ್ರಶ್ನೆಯದು: ಎಷ್ಟು ಇಂದ್ರಿಯದ್ದು? ಆಡುಸೋಗೆಯ ಎಲೆ, ಚಕ್ಕೆ, ಲವಂಗ ಒಂದೇ ಇಂದ್ರಿಯದವು, ಮುಟ್ಟಿದ್ದಷ್ಟೇ ತಿಳಿಯುವ ಜೀವ. ಶಂಖದ ಹುಳಕ್ಕೆ ಎರಡು, ರುಚಿಯೂ ಸೇರಿ. ಇರುವೆಗೆ ಮೂರು. ಜೇನುಹುಳಕ್ಕೆ ನಾಲ್ಕು. ಮೀನು, ದನ, ನಾವು ನೀವು ಐದು. ಇಂದ್ರಿಯ ಹೆಚ್ಚಿದಷ್ಟೂ ನೋವು ಹೆಚ್ಚು, ನೋವು ಹೆಚ್ಚಿದಷ್ಟೂ ಪಾಪ ಹೆಚ್ಚು. ಗಡ್ಡೆ ಒಂದೇ ಇಂದ್ರಿಯದ್ದು, ಆದರೆ ಒಂದು ಗಡ್ಡೆಯಲ್ಲಿ ಎಣಿಸಲಾರದಷ್ಟು ಜೀವ. ಅದಕ್ಕೆ ಹಸಿಶುಂಠಿ ಬೇಡ, ಒಣಶುಂಠಿ ನಡೆಯುತ್ತದೆ.

ಹಿಂದಿನ ಬೆಂಚಿನ ಕುನಾಲ ಕೈ ಎತ್ತಿದ. "ಮ್ಯಾಡಮ್, ಇದು ಪರೀಕ್ಷಾದಾಗ ಬರ್ತೈತೇನ್ರಿ?"

"ಇಲ್ಲ."

"ಹಂಗಾದ್ರ ಬಿಡ್ರಿ."

ಬಿಟ್ಟೆ.

ಈ ಸಲದ ಕಬ್ಬಿನ ಹಂಗಾಮಿನಲ್ಲಿ ಅತ್ತಿ ಬಿದ್ದರು. ಬಸದಿಯಿಂದ ಬರುವಾಗ, ಟ್ರ್ಯಾಕ್ಟರಿನಿಂದ ಉದುರಿ ರಸ್ತೆಯಲ್ಲಿ ಬಿದ್ದ ಕಬ್ಬಿನ ಮೇಲೆ ಕಾಲಿಟ್ಟರು, ಅದು ಉರುಳಿತು. ಸೊಂಟದ ಕೆಳಗೆ ಚಪ್ಪೆಯ ಎಲುಬು ಮುರಿಯಿತು. ನಿಪ್ಪಾಣಿಯ ಒಂದು ಎಲುಬಿನ ದವಾಖಾನೆಗೆ ಸೇರಿಸಿದೆವು. ನನ್ನ ಗಂಡ ಅಭಿನಂದನ ಸಕ್ಕರೆ ಕಾರ್ಖಾನೆಯ ತೂಕದ ಕಾಟಾದ ಮೇಲೆ ಇರುವವರು, ಹಂಗಾಮಿನಲ್ಲಿ ಅವರಿಗೆ ರಜೆ ಇಲ್ಲ. ಸ್ನೇಹಲಳದು ಪಿಯುಸಿ ಎರಡನೇ ವರ್ಷ. ಹೀಗಾಗಿ ಅತ್ತಿಯ ಮಗ್ಗುಲಿಗೆ ನಾನೇ ಕೂತೆ. ಕಾಲೇಜಿಗೆ ಫೋನ್ ಮಾಡಿದರೆ ಪ್ರಾಚಾರ್ಯರು, "ಮ್ಯಾಡಮ್, ಇಂಟರ್ನಲ್ ಮಾರ್ಕ್ಸ್ ಮಾತ್ರ ಅಲ್ಲಿಂದನ ಕಳಸ್ರಿ" ಅಂದರು.

ಆಪರೇಷನ್ ಆಯಿತು. ಆದ ಮೇಲೆ ಅವರನ್ನು ಒಳಗಿನ ಖೋಲಿಯಲ್ಲಿ ಇಟ್ಟರು. ಅಲ್ಲಿ ಕಿಟಕಿ ಇಲ್ಲ, ಬಿಳಿ ಟ್ಯೂಬ್‌ಲೈಟ್ ಹಗಲು ರಾತ್ರಿ ಉರಿಯುತ್ತದೆ. ಅತ್ತಿ ಬಡಬಡಿಸತೊಡಗಿದ್ದರು. ತವರಿನ ಮರಾಠಿಯಲ್ಲಿ, ಯಾವಾಗಲೋ ತೀರಿಹೋದ ಅಕ್ಕನ ಜೊತೆ, ಎಮ್ಮೆ ಕರು ಕಟ್ಟಿದಿಯೋ ಇಲ್ಲವೋ ಅಂತ ಜಗಳ. ವಯಸ್ಸಾದವರಿಗೆ ಹೀಗಾಗುತ್ತದೆ, ಇಳಿಯುತ್ತದೆ ಅಂದರು ಡಾಕ್ಟರು.

ಡಾಕ್ಟರು ಸಣ್ಣ ವಯಸ್ಸಿನವರು. ಮಧ್ಯಾಹ್ನ ನನ್ನನ್ನು ಹೊರಗೆ ಕರೆದರು. "ಮ್ಯಾಡಮ್, ನಿಮಗ ಹೇಳೂದೇನೈತ್ರಿ. ಅಜ್ಜಿ ಮಲಗಿದಲ್ಲೇ ಅದಾರ. ಕಾಲಾಗ ರಕ್ತ ಹೆಪ್ಪುಗಟ್ಟಿ ಫುಪ್ಪುಸಕ್ಕ ಹತ್ತಿದ್ರ ಒಂದು ನಿಮಿಷದ ಕೆಲಸ. ಹೆಪ್ಪುಗಟ್ಟದಂಗ ಹೆಪಾರಿನ್ ಚಾಲೂ ಮಾಡೋಣು."

ಹೆಪಾರಿನ್ ಎಲ್ಲಿಂದ ಬರುತ್ತದೆ ಅಂತ ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುವವಳು ನಾನು. ಹಂದಿಯ ಕರುಳಿನ ಒಳಪೊರೆಯಿಂದ.

"ಬ್ಯಾರೆ ಏನೂ ಇಲ್ಲೇನ್ರಿ? ಲ್ಯಾಬಿನಾಗ ಮಾಡಿದ ಇಂಜೆಕ್ಷನ್ ಬರ್ತೈತಲ್ಲ?"

"ಬರ್ತೈತ್ರಿ, ಕೊಲ್ಲಾಪುರದಿಂದ ತರಸ್ತೇನಿ ಬೇಕಾದ್ರ. ಆದ್ರ ತೂಕ ನೋಡ್ರಿ ಇವರದು, ನಲವತ್ತೂ ಇಲ್ಲ. ಕಿಡ್ನಿ ದಣದಾವು. ಈ ಮೈಗೆ ಅದನ್ನ ಕೊಟ್ರ ರಕ್ತ ಸೋರಾಕ ಹತ್ತತೈತಿ, ನಾ ಕೊಡೂದಿಲ್ಲ. ಗುಳಿಗಿ ಅದಾವು. ನುಂಗಾಕ ಬಂದ ಮ್ಯಾಲ ಗುಳಿಗಿಗೆ ಬದಲಿ ಮಾಡೋಣು. ಈಗ ಒಂದು ಚಮಚಾ ನೀರು ಹಾಕಿದ್ರೂ ನೆತ್ತಿಗೇರ್ತೈತಿ." ನನ್ನ ಮುಖ ನೋಡಿ ತುಸು ಮೆತ್ತಗಾದರು. "ಜೈನ ಮಂದಿ ಅಂತ ಗೊತ್ತೈತ್ರಿ ನನಗ. ಜಬರದಸ್ತಿ ಮಾಡೂದಿಲ್ಲ. ಸಂಜಿ ರೌಂಡಿಗೆ ಬರೂದ್ರಾಗ ಹೂಂ ಅಥವಾ ಉಹೂಂ ಹೇಳ್ರಿ."

ಗಂಡನಿಗೆ ಫೋನ್ ಮಾಡಿದೆ. ಬಂದರು, ಜೊತೆಗೆ ಅವರ ಕಾಕಾ ತವನಪ್ಪನವರೂ ಬಂದರು, ಕೈಯಲ್ಲಿ ಮೂರು ಖಾನೆಯ ಡಬ್ಬಿ. ತವನಪ್ಪ ಕಾಕಾ ಮನೆತನದಲ್ಲಿ ಹಿರಿಯರು, ಅತ್ತಿಯ ಮೈದುನ. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕಾರಿಡಾರಿನ ಬೆಂಚಿನ ಮೇಲೆ ಮೂವರೂ ಕೂತೆವು.

"ಹಂದಿದು?" ಅಂದರು ಕಾಕಾ. ಡಬ್ಬಿಯನ್ನು ಬೆಂಚಿನಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು. "ಗಂಗೂವೈನಿ ತಮ್ಮ ಜನ್ಮದಾಗ ಒಂದು ಹನಿ ಜೇನು ನೆಕ್ಕಿಲ್ಲ. ಬೆಳ್ಳುಳ್ಳಿ ವಾಸನಿ ಬಂದ್ರ ಮದವಿ ಊಟಾ ಬಿಟ್ಟು ಎದ್ದು ಬಂದಾಕಿ. ಇಷ್ಟು ವರ್ಷ ಕಾಯ್ಕೊಂಡಿದ್ದನ್ನ ನಾವು ಮಲಗಿಸಿ ಕೆಡಸೂದೇನು?"

"ಹಂಗಂತ ಸಾಯಾಕ ಬಿಡೂದೇನ್ ಕಾಕಾ?" ಅಂದರು ಇವರು. ಆಮೇಲೆ ನನ್ನ ಕಡೆ ತಿರುಗಿ, "ನೀ ಅವತ್ತ ಏನೋ ಹೇಳ್ತಿದ್ದಿ, ಒಂದ ವಸ್ತು ಐದು ಕಪಾಟಿನಾಗ ಇಡಬಹುದು ಅಂತ. ಇದಕ್ಕ ಬ್ಯಾರೆ ಕಪಾಟ ಇಲ್ಲೇನು?"

ಇತ್ತು. ಅದನ್ನೇ ನಾನು ಮಧ್ಯಾಹ್ನದಿಂದ ಯೋಚಿಸುತ್ತಿದ್ದೆ. ಒಳಗೇನಿದೆ ಅಂತ ಕೇಳಿದರೆ ಹೆಪಾರಿನ್ ಸಕ್ಕರೆಯ ಕುಲದ್ದು. ಸಕ್ಕರೆಯ ಕಣಗಳು ಸರಪಳಿಯ ಹಾಗೆ ಕೂಡಿದ ವಸ್ತು. ಆ ಕಪಾಟಿನಲ್ಲಿ ಅದು ಜೋಳದ ಹಿಟ್ಟಿನ ಗಂಜಿಯ ಪಕ್ಕಕ್ಕೆ, ಜಾಲಿಯ ಅಂಟಿನ ಪಕ್ಕಕ್ಕೆ ಕೂರುತ್ತದೆ, ಹಂದಿಯ ಹೆಸರೇ ಬರುವುದಿಲ್ಲ. ಏನು ಮಾಡುತ್ತದೆ ಅಂತ ಕೇಳಿದರೆ ರಕ್ತ ಹೆಪ್ಪುಗಟ್ಟದ ಹಾಗೆ ಇಡುವಂಥದ್ದು, ಅಲ್ಲಿಯೂ ಹಂದಿ ಇಲ್ಲ. ಎಲ್ಲಿಂದ ಬಂತು ಅಂತ ಕೇಳಿದರೆ ಮಾತ್ರ ಇದೆ. ಅತ್ತಿ ಕೇಳುವುದು ಅದೊಂದನ್ನೇ.

"ಸಕ್ಕರಿ ಕುಲದ್ದು," ಅಂದೆ.

"ಮತ್ತ! ಸಕ್ಕರಿ ಅನ್ನು, ಮುಗೀತಲ್ಲ. ನಾ ದಿನಾ ತೂಗೂದು ಅದ." ನಗಿಸಲು ನೋಡಿದರು. ನಗು ಬರಲಿಲ್ಲ, ಅವರಿಗೂ ಬರಲಿಲ್ಲ. "ಮತ್ತ ಅವ್ವ ಬಾಯಾಗ ಬ್ಯಾಡ ಅಂದಿರಬೇಕು. ಇದು ಬಾಯಾಗ ಹೋಗೂದಿಲ್ಲಲ್ಲ, ಸೂಜಿ."

"ಮೈಯಾಗ ಅಂದಾರ. ನನ್ನ ಕೈ ಹಿಡದು ಅಂದಾರ."

ಕಾಕಾ ತಲೆ ಅಲ್ಲಾಡಿಸಿದರು. ಇವರು ಗೋಡೆಗೆ ತಲೆ ಆನಿಸಿದರು. ರಾತ್ರಿ ಪಾಳಿ ಮಾಡಿ ಬಂದ ಕಣ್ಣು ಕೆಂಪಾಗಿದ್ದವು. "ನೀ ಓದಿದಾಕಿ. ನೀ ಏನಂತಿ ಅದ," ಅಂದರು. ಕಾಕಾನೂ, "ಹೌದು, ಅದು ರೂಪಾಲಿ ಮಾತು ಕೊಟ್ಟಿದ್ದು, ರೂಪಾಲಿನ ನೋಡಲಿ," ಅಂದರು. ಇಬ್ಬರೂ ಒಮ್ಮೆಲೇ ಒಪ್ಪಿದ್ದು ಅದೊಂದೇ ಮಾತು.

ಅಷ್ಟರಲ್ಲಿ ಹೊರಗೆ ಬಿಸಿಲು ಕೆಂಪಾಗಿತ್ತು. ಹೊತ್ತು ಮುಳುಗಿದ ಮೇಲೆ ನಮ್ಮಲ್ಲಿ ಉಣ್ಣುವಂತಿಲ್ಲ, ಕಾಕಾನಂಥವರು ನೀರೂ ಕುಡಿಯುವುದಿಲ್ಲ. "ನಡಿ ಅಭಿನಂದನ, ಲಗೂನ ಎರಡು ತುತ್ತು ಉಂಡು ಬರೋಣು. ರೂಪಾಲಿ, ನೀನೂ ಬಾ." ಬರುವುದಿಲ್ಲ ಅಂದೆ. ಡಾಕ್ಟರು ಬರುವ ಹೊತ್ತು. ಅವರು ಡಬ್ಬಿ ಹಿಡಿದು ಮೆಟ್ಟಿಲು ಇಳಿದುಹೋದರು. ಬೆಳಗಿನಿಂದ ನಾನು ಚಹಾದ ಮೇಲೆ ಇದ್ದೆ. ಇವತ್ತಿನ ಊಟ ಇನ್ನು ತಪ್ಪಿತು ಅಂತ ಅನ್ನಿಸಿತು, ಅತ್ತಿಯ ವಿಚಾರ ಮಾಡುವ ಬದಲು.

ಹೊತ್ತು ಮುಳುಗಿದ ಮೇಲೆ ಒಳಗೆ ಹೋದೆ. ಅತ್ತಿ ಬಡಬಡಿಸುವುದು ನಿಂತಿತ್ತು. ಕಣ್ಣು ತೆರೆದು ನನ್ನನ್ನು ನೋಡಿದರು. ಸುಮ್ಮನೆ ನೋಡಿದ್ದಲ್ಲ, ಯಾರು ಅಂತ ತಿಳಿದು ನೋಡಿದ ಹಾಗೆ. ಬಗ್ಗಿ, "ಅತ್ತೀ," ಅಂದೆ. ಸೂಜಿ ಹಾಕಿಸಲೋ ಬೇಡವೋ ಕೇಳಬೇಕು ಅಂತ ಬಾಯಿಗೆ ಬಂದಿತ್ತು.

"ನೀರು," ಅಂದರು ಅವರು.

ಹೊತ್ತು ಮುಳುಗಿದ ಮೇಲೆ ಗಂಗೂಬಾಯಿ ನೀರು ಕೇಳಿದ್ದನ್ನು ಈ ಮನೆಗೆ ಬಂದಾಗಿನಿಂದ ನಾನು ಕೇಳಿಲ್ಲ. ಕಡು ಬೇಸಿಗೆಯಲ್ಲಿ, ಜ್ವರದಲ್ಲಿ, ಗಂಡ ತೀರಿಕೊಂಡ ರಾತ್ರಿಯಲ್ಲಿ ಕೂಡ ಕೇಳಿದವರಲ್ಲ. ಹಾಗಾದರೆ ಇದು ಅವರಲ್ಲ, ಎಚ್ಚರ ಇನ್ನೂ ಬಂದಿಲ್ಲ, ಕೇಳಿ ಉಪಯೋಗವಿಲ್ಲ ಅಂತ ತೀರ್ಮಾನ ಮಾಡಿದೆ. ತೀರ್ಮಾನ ಆಗಿದ್ದೇ ಮೈ ಹಗುರಾಯಿತು. ಅರಳೆ ತೋಯಿಸಿ ತುಟಿ ಒರೆಸಿದೆ.

ಡಾಕ್ಟರು ಬಂದರು. "ಏನ್ರಿ ಮ್ಯಾಡಮ್?"

"ಕೊಡ್ರಿ," ಅಂದೆ.

ನರ್ಸ್ ಹೊಟ್ಟೆಯ ಚರ್ಮ ಹಿಡಿದೆತ್ತಿ ಚುಚ್ಚಿದಳು. ಅತ್ತಿ ಹುಬ್ಬು ಗಂಟಿಕ್ಕಿದರು, ಕಣ್ಣು ನನ್ನ ಮೇಲಿಂದ ತೆಗೆಯಲಿಲ್ಲ. ಇವರೂ ಕಾಕಾನೂ ಉಂಡು ಬಂದಾಗ ಕೊಟ್ಟಾಗಿತ್ತು. ಕಾಕಾ ಖಾಲಿ ಡಬ್ಬಿ ಎತ್ತಿಕೊಂಡು ತಮ್ಮೂರು ಕೊಗನೊಳ್ಳಿಯ ಬಸ್ಸು ಹಿಡಿಯಲು ಹೋದರು.

ಅಲ್ಲಿಂದ ಮುಂಜಾನೆ ಒಂದು, ಸಂಜೆ ಒಂದು. ಸೂಜಿ ಹೋದಲ್ಲೆಲ್ಲ ಹೊಟ್ಟೆಯ ಮೇಲೆ ನೀಲಿ ಕಲೆ ಎದ್ದವು. ಅತ್ತಿ ಮೆಲ್ಲಗೆ ತಿಳಿಯಾದರು, ಅಕ್ಕನ ಎಮ್ಮೆ ಮರೆತರು, ಗಂಜಿ ನುಂಗಿದರು. ನುಂಗಿದ ದಿನವೇ ಡಾಕ್ಟರಿಗೆ ನೆನಪಿಸಿ ಇಂಜೆಕ್ಷನ್ ಬಿಡಿಸಿ ಗುಳಿಗೆ ಬರೆಸಿದೆ. ಕಿಟಕಿ ಇರುವ ಖೋಲಿಗೆ ಬದಲಾಯಿಸಿದರು. ಗುಳಿಗೆಯ ಪಟ್ಟಿಯನ್ನು ನಾನು ತಿರುಗಿಸಿ ತಿರುಗಿಸಿ ಓದುವುದನ್ನು ಅತ್ತಿ ನೋಡುತ್ತಿದ್ದರು.

"ಅದು ನಡೀತೈತಿ?"

"ನಡೀತೈತ್ರಿ."

ಸೀರೆ ಸರಿಸಿ ಹೊಟ್ಟೆಯ ಕಲೆ ಮುಟ್ಟಿಕೊಂಡರು. "ಇದು?"

ಸುಳ್ಳು ಹೇಳಬಹುದಿತ್ತು. ಸಕ್ಕರೆ ಕುಲದ್ದು ಅಂದಿದ್ದರೆ ಅದು ಸುಳ್ಳೂ ಆಗುತ್ತಿರಲಿಲ್ಲ. ಬಾಯಲ್ಲಿ ಆ ಮಾತು ಸಿದ್ಧವಿತ್ತು, ಆದರೆ ಅವರೇ ಮುಂದಿನದನ್ನು ಕೇಳಿದರು.

"ಎಷ್ಟು ಇಂದ್ರಿಯದ್ದು?"

"ಐದು," ಅಂದೆ. ಯಾವ ಪ್ರಾಣಿ ಅಂತಲೂ ಹೇಳಿದೆ.

ಅವರು ಸೀರೆಯನ್ನು ಮತ್ತೆ ಹೊಟ್ಟೆಯ ಮೇಲೆ ಎಳೆದುಕೊಂಡರು. ಬೈಯಲಿ ಅಂತ ಕಾಯುತ್ತಿದ್ದೆ. ಬೈದರೆ ನನ್ನ ಹತ್ತಿರ ಉತ್ತರ ಇತ್ತು: ತೂಕ, ಕಿಡ್ನಿ, ಕೊಲ್ಲಾಪುರ, ಎಲ್ಲ ಜೋಡಿಸಿ ಇಟ್ಟುಕೊಂಡಿದ್ದೆ.

"ಮೊದಲನೇದ್ದು ಚುಚ್ಚಿದಾಗ ನನಗ ಎಚ್ಚರಿತ್ತು," ಅಂದರು.

"ಇರಲಿಲ್ರಿ ಅತ್ತಿ. ನೀವು ಅಕ್ಕನ ಜೋಡಿ ಮಾತಾಡಾಕತ್ತಿದ್ರಿ."

"ಅದು ಮೊದಲ. ಸೂಜಿ ತರೂ ಹೊತ್ತಿಗೆ ಎಚ್ಚರಿತ್ತು. ನೀ ಬಗ್ಗಿ ಅತ್ತೀ ಅಂದಿ. ನಾ ನೀರು ಕೇಳಿದೆ. ನೀ ಅರಳಿ ಹಚ್ಚಿದಿ."

"ಹೊತ್ತು ಮುಳುಗಿತ್ರಿ ಆವಾಗ. ಹೊತ್ತು ಮುಳುಗಿದ ಮ್ಯಾಲ ನೀವು ನೀರು ಕೇಳೂದಿಲ್ಲ. ಅದಕ್ಕ ನಾ ತಿಳಕೊಂಡೆ..."

"ಆ ಖೋಲ್ಯಾಗ ಕಿಟಕಿ ಎಲ್ಲಿತ್ತ ರೂಪಾಲಿ? ಹಗಲೋ ರಾತ್ರಿಯೋ ನನಗೇನ ಗೊತ್ತು? ತೃಷಾ ಆಗಿತ್ತು, ಕೇಳಿದೆ."

ಪಕ್ಕದ ಕಾಟಿನ ಮುದುಕಿಯ ಮಗ ರೇಡಿಯೋ ಹಚ್ಚಿದ್ದ, ನರ್ಸ್ ಬಂದು ಬಂದ್ ಮಾಡಿಸಿ ಹೋದಳು.

"ಕೇಳಿದ್ರ ಬ್ಯಾಡ ಅಂತಿದ್ರಿ," ಅಂದೆ ಕಡೆಗೆ.

"ಹೌದು. ಅಂತಿದ್ದೆ."

"ಅದಕ್ಕ ಕೇಳಲಿಲ್ರಿ."

"ಗೊತ್ತೈತಿ," ಅಂದರು. ಸಿಟ್ಟಿರಲಿಲ್ಲ ಧ್ವನಿಯಲ್ಲಿ, ದಣಿವಿತ್ತು, ನನ್ನದರಷ್ಟೇ. "ಡಾಕ್ಟರಗ ಕೇಳಿದಿ, ನನ್ನ ಮಗಗ ಕೇಳಿದಿ, ತವನಪ್ಪಗ ಕೇಳಿದಿ. ಮೈ ನಂದಿತ್ತಲ್ಲ."

ಗುಳಿಗೆ ಕೊಟ್ಟೆ. ನುಂಗಿದರು. ನೀರು ಕುಡಿಯುವ ಮೊದಲು ಕಿಟಕಿಯಲ್ಲಿ ಬಿಸಿಲು ನೋಡಿಕೊಂಡರು.

ಈಗ ಮನೆಯಲ್ಲಿದ್ದಾರೆ. ವಾಕರ್ ಹಿಡಿದು ಪಡಸಾಲೆಯ ತುದಿಯವರೆಗೆ ಹೋಗಿ ಬರುತ್ತಾರೆ. ಚಾತುರ್ಮಾಸಕ್ಕೆ ಮುನಿ ಮಹಾರಾಜರು ಬಂದಾಗ ಪ್ರಾಯಶ್ಚಿತ್ತ ಕೇಳುವುದಾಗಿ ತವನಪ್ಪ ಕಾಕಾನ ಮುಂದೆ ಹೇಳಿದ್ದಾರೆ. ತಮಗೆ ಅಂತ ಹೇಳಿದರು, ನನ್ನ ಹೆಸರು ತೆಗೆಯಲಿಲ್ಲ. ನನ್ನ ಜೊತೆ ಮಾತು ಬಿಟ್ಟಿಲ್ಲ. ಬಸ್ಸು ತಡವಾಯಿತೇನು ಅಂತ ಕೇಳುತ್ತಾರೆ, ಹಾಲು ಒಡೆದದ್ದು ಹೇಳುತ್ತಾರೆ, ಸೊಪ್ಪು ಸೋಸಿ ಇಡುತ್ತಾರೆ. ಸಂಜೆ ನಾನು ಬರುವುದು ತಡವಾದರೆ ಹೊತ್ತು ಮುಳುಗುವುದರೊಳಗೆ ನನ್ನ ಪಾಲಿನ ರೊಟ್ಟಿ ತೆಗೆದಿಟ್ಟು, "ಲಗೂನ ಉಣ್ಣಬೇ" ಅಂತ ಗದರುತ್ತಾರೆ.

ಔಷಧ ಮಾತ್ರ ನನ್ನ ಕೈಯಿಂದ ತೆಗೆದುಕೊಳ್ಳುವುದಿಲ್ಲ. ಸ್ನೇಹಲಳನ್ನು ಕರೆಯುತ್ತಾರೆ. ಅವಳು ಮೊಬೈಲಿನಲ್ಲಿ ಹುಡುಕುತ್ತಾಳೆ, ಅರ್ಧ ತಪ್ಪು ಓದುತ್ತಾಳೆ, "ಅಜ್ಜೀ, ಇದು ನಡೀತೈತಂತ, ಅದು ಡೌಟ್ ಐತಂತ" ಅಂತ ಒಳಗಿನಿಂದ ಕೂಗುತ್ತಾಳೆ. ಡೌಟ್ ಇದ್ದದ್ದನ್ನು ಅತ್ತಿ ಬದಿಗಿಡುತ್ತಾರೆ. ಅಲ್ಲ, ಅದು ನಡೆಯುತ್ತದೆ ಅಂತ ಅಡುಗೆಮನೆಯಿಂದ ಒಂದೆರಡು ಸಲ ಹೇಳಿದೆ. ಅತ್ತಿ ಸ್ನೇಹಲಳಿಗೆ, "ನೀ ಇನ್ನೊಮ್ಮಿ ನೋಡವಾ," ಅಂದರು. ಈಗ ಹೇಳುವುದಿಲ್ಲ. ಬೆಳಗಿನ ಬಸ್ಸಿಗೆ ಓಡುವವಳಿಗೆ ಒಂದು ಕೆಲಸ ಕಡಿಮೆಯಾಯಿತು.

ಕೈ ಮೇಲೆ ಕೈ ಹಾಕಿ ಅತ್ತಿಗೆ ಕೊಟ್ಟ ಮಾತನ್ನು ನಾನು ಮುರಿದೆ.